ನೋಡದ ಬೀದಿಯ ಬಣ್ಣ

ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಊರುಗಳಿಗೆ ಹೋಗಿದ್ದ ಹುಡುಗರು ಒಬ್ಬೊಬ್ಬರಾಗಿ ವಿಶಾಖಪಟ್ಟಣಕ್ಕೆ ಹಿಂದಿರುಗಿದ್ದರು. ಸಮುದ್ರದ ಕಡೆಯಿಂದ ಬಂದ ಮಂಜು ಹತ್ತು ಗಂಟೆಯಾದರೂ ಕಾಲೇಜಿನ ಆಟದ ಬಯಲು ಬಿಟ್ಟು ಏಳುತ್ತಿರಲಿಲ್ಲ. ಕಾಂಪೌಂಡಿನ ಪಕ್ಕದ ಗೇರುಮರಗಳು ಹೂ ಹಿಡಿದಿದ್ದವು. ಮೇಲಂತಸ್ತಿನ ಭೂಗೋಳ ವಿಭಾಗದಲ್ಲಿ ಎರಡನೇ ವರ್ಷದ ಇಪ್ಪತ್ತಾರು ಮಂದಿ ಉದ್ದದ ಮೇಜುಗಳ ಮೇಲೆ ಬಗ್ಗಿ ಬಣ್ಣ ತುಂಬುತ್ತಿದ್ದರು. ಹಬ್ಬಕ್ಕೆ ಹೋದವರು ಬರಿಗೈಯಲ್ಲಿ ಬರಬಾರದು, ತಮ್ಮ ಬೀದಿಯಲ್ಲಿ ಯಾವ ಮನೆಗೆ ಎಷ್ಟು ಹೊತ್ತು ನಲ್ಲಿ ನೀರು ಬರುತ್ತದೆಂದು ಬರೆದುಕೊಂಡು ಬರಬೇಕು ಎಂದು ಕಮಲಾ ಹೇಳಿ ಕಳಿಸಿದ್ದಳು. ಈಗ ಅದನ್ನು ಒಂದು ಹಾಳೆಯ ಮೇಲೆ, ಓದು ಬಾರದವರಿಗೂ ತಿಳಿಯುವ ಹಾಗೆ ತೋರಿಸುವುದು ಕೆಲಸ.

ಪಠ್ಯಕ್ರಮದಲ್ಲಿ ಈ ವಿಷಯದ ಹೆಸರು ಮಾಹಿತಿ ವಿನ್ಯಾಸ. ಹೆಸರು ಕೇಳಿದರೆ ದೊಡ್ಡದೇನೋ ಅನ್ನಿಸುತ್ತದೆ. ಕಮಲಾ ಅದನ್ನು ಸಣ್ಣದಾಗಿ ಕಲಿಸುತ್ತಿದ್ದಳು.

"ಇದೇನಪ್ಪ, ನಿಮ್ಮ ಬೀದಿಯಲ್ಲಿ ಹೋಳಿ ಆಡಿದ್ದೀರಾ?" ಎಂದು ಒಬ್ಬನ ಹಾಳೆ ಎತ್ತಿ ಹಿಡಿದಳು. ಅದರಲ್ಲಿ ಒಂಬತ್ತು ಬಣ್ಣಗಳಿದ್ದವು. "ನೀರು ಒಂದೇ ತಾನೆ? ಬಣ್ಣವೂ ಒಂದೇ ಸಾಕು. ಜಾಸ್ತಿ ಬಂದ ಕಡೆ ಗಾಢ, ಕಡಿಮೆ ಬಂದ ಕಡೆ ತಿಳಿ. ನೋಡುವವರ ಕಣ್ಣಿಗೆ ಕೆಲಸ ಕೊಡಬೇಡಿ. ಬೇಡದ್ದನ್ನು ತೆಗೆಯಿರಿ."

ಕಮಲಾ ಗೌರಿಬಿದನೂರು ಕಡೆಯವಳು. ಗಂಡ ದಿನೇಶ ಬ್ಯಾಂಕಿನ ಅಧಿಕಾರಿ. ವರ್ಗವಾಗಿ ದ್ವಾರಕಾ ನಗರದ ಶಾಖೆಗೆ ಬಂದಾಗ ಅವಳೂ ಬಂದು ಮೂರು ವರ್ಷವಾಗಿತ್ತು. ಎಂವಿಪಿ ಕಾಲೋನಿಯಲ್ಲಿ ಬಾಡಿಗೆ ಫ್ಲ್ಯಾಟು, ಈ ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ. ಗಡಿ ಸೀಮೆಯವಳಾದ್ದರಿಂದ ತೆಲುಗು ಅವಳಿಗೆ ಮೊದಲಿಂದಲೂ ಬಾಯಲ್ಲಿತ್ತು.

ಕಪ್ಪು ಹಲಗೆಯ ಪಕ್ಕದ ಗೋಡೆಗೆ ಒಂದು ದೊಡ್ಡ ನಕ್ಷೆ ಅಂಟಿಸಿತ್ತು. ವಿಜಯವಾಡದ ಒಂದು ಕಾಲೋನಿಯ ನಕ್ಷೆ. ಭಾದ್ರಪದದಲ್ಲಿ ಬುಡಮೇರು ಹಳ್ಳ ಉಕ್ಕಿ ನೀರು ನುಗ್ಗಿದ ಕಾಲೋನಿ ಅದು. ಕಾರ್ತಿಕದಲ್ಲಿ ಇದೇ ತರಗತಿ ಅಲ್ಲಿಗೆ ಹೋಗಿ ಮೂರು ದಿನವಿದ್ದು, ಗೋಡೆಗಳ ಮೇಲೆ ಕೆಸರು ಬಿಟ್ಟು ಹೋದ ಗೆರೆಯನ್ನು ಮನೆಮನೆಯಲ್ಲೂ ಅಳೆದು ಬಂದಿತ್ತು. ಐದು ನೀಲಿ, ಒಂದು ಬಿಳಿ. ನೀರು ನಿಂತಷ್ಟೂ ನೀಲಿ ಗಾಢ. ನೀರು ಬಾರದ ಕಡೆ ಬಿಳಿ. ಇಲಾಖೆಯ ಪರಿಶೀಲನೆಗೆ ಬಂದವರು ಅದರ ಮುಂದೆ ನಿಂತು ಎಷ್ಟು ಚೊಕ್ಕವಾಗಿದೆ ಎಂದು ಹೊಗಳಿ ಹೋಗಿದ್ದರು. ವಿಜಯವಾಡದ ಒನ್ ಟೌನಿನ ಕೆಲವು ವರ್ತಕರು ಒಟ್ಟುಗೂಡಿ ನೀರಿಗೆ ಸಿಕ್ಕ ಮನೆಗಳಿಗೆ ಗ್ಯಾಸ್ ಒಲೆ ಹಂಚಲು ಹೊರಟಾಗ, ಇದೇ ನಕ್ಷೆಯನ್ನು ಕೇಳಿ ತರಿಸಿಕೊಂಡಿದ್ದರು.

ಹನ್ನೊಂದು ಗಂಟೆಗೆ ಕಮಲಾಳ ಫೋನು ಅದುರಿತು. ಪಾಠದ ಹೊತ್ತಿನಲ್ಲಿ ಅವಳು ಫೋನು ತೆಗೆಯುತ್ತಿರಲಿಲ್ಲ. ಹೆಸರು ನೋಡಿ ತೆಗೆದಳು. ಅದೇ ಕಾಲೋನಿಯ ದರ್ಜಿ ದುರ್ಗಾಂಬ.

"ಅಮ್ಮಾ, ನನ್ನ ಟೇಪು ನಿಮ್ಮ ಹತ್ತಿರ ಉಳಿದಿದೆ," ಎಂದಳು ದುರ್ಗಾಂಬ.

"ಹೌದು ದುರ್ಗಾಂಬಗಾರು. ಮರೆತಿಲ್ಲ. ಯಾರಾದರೂ ಆ ಕಡೆ ಬಂದರೆ..."

"ಅದಕ್ಕೆ ಫೋನು ಮಾಡಲಿಲ್ಲಮ್ಮಾ. ಟೇಪು ಅಂಗಡಿಯಲ್ಲಿ ಸಿಗುತ್ತೆ. ಒಲೆ ಹಂಚೋರು ಹಬ್ಬಕ್ಕೆ ಮುಂಚೆ ಬಂದಿದ್ರು. ಆರನೇ ಅಡ್ಡಬೀದಿಗೆ ಕೊಟ್ರು, ಎಂಟಕ್ಕೆ ಕೊಟ್ರು. ನಮ್ಮ ಏಳನೇದಕ್ಕೆ ಗಾಡಿ ತಿರುಗಿಸಲೇ ಇಲ್ಲ. ಕೇಳಿದ್ದಕ್ಕೆ ಕಾಗದ ತೋರಿಸಿದ್ರು. ಅದರಲ್ಲಿ ನಮ್ಮ ಬೀದಿ ಬೆಳ್ಳಗಿದೆಯಂತೆ. ನಿಮಗೆ ನೀರೇ ಬಂದಿಲ್ಲ ಅಂದ್ರು. ಹಬ್ಬ ಮುಗೀಲಿ ಅಂತ ಸುಮ್ಮನಿದ್ದೆ. ನೀವೇ ಬರೆದದ್ದು ಅಂತಾರಲ್ಲ, ನಿಮ್ಮನ್ನೇ ಕೇಳೋಣ ಅಂತ."

ಕಮಲಾ ಗೋಡೆಯ ನಕ್ಷೆಯ ಹತ್ತಿರ ಹೋಗಿ ನಿಂತಳು. ನೀಲಿಗಳ ನಡುವೆ ಏಳನೇ ಅಡ್ಡಬೀದಿ ಒಂದು ಬಿಳಿಯ ಪಟ್ಟಿ. ಮೂರು ತಿಂಗಳಿಂದ ದಿನಾ ನೋಡುತ್ತಿದ್ದ ಬಿಳಿ.

ಆ ಬೀದಿ ಹೇಗೆ ಬಿಟ್ಟುಹೋಯಿತೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೂರೂ ದಿನ ಅವರ ಠಾಣೆ ದುರ್ಗಾಂಬಳ ಮನೆಯ ಜಗಲಿಯೇ. ಕಾಲೇಜಿನಿಂದ ಒಯ್ದ ಅಳತೆಪಟ್ಟಿ ಮೊದಲ ದಿನವೇ ಮುರಿದಾಗ ದುರ್ಗಾಂಬ ಕೊರಳಲ್ಲಿದ್ದ ತನ್ನ ಟೇಪು ತೆಗೆದು ಕೊಟ್ಟಿದ್ದಳು. ಹತ್ತು ಗಂಟೆಗೊಮ್ಮೆ, ನಾಲ್ಕಕ್ಕೊಮ್ಮೆ ಎಲ್ಲರಿಗೂ ಟೀ. ಲಕ್ಷ್ಮೀಪ್ರಸನ್ನ ಎಂಬ ಹುಡುಗಿ ಏಳನೇ ಬೀದಿಯ ಹಾಳೆ ತೆಗೆದಾಗಲೆಲ್ಲ, "ನಮ್ಮದು ಎಲ್ಲಿಗೆ ಓಡಿಹೋಗುತ್ತೆ? ಆ ತುದಿಯವರದು ಮೊದಲು ಮುಗಿಸಿ, ನಮ್ಮದು ಕೊನೆಗೆ," ಎಂದು ದುರ್ಗಾಂಬಳೇ ಅಟ್ಟುತ್ತಿದ್ದಳು. ಮನೆಯವರು ಮೊದಲು ಬಡಿಸಿಕೊಳ್ಳುವುದಿಲ್ಲವಲ್ಲ, ಹಾಗೆ. ಕೊನೆಯ ದಿನ ಮಧ್ಯಾಹ್ನದ ಗಾಡಿಗೆ ಹೊತ್ತಾಯಿತು. ಟೀ ಲೋಟ ಕೆಳಗಿಟ್ಟು ಎಲ್ಲರೂ ಓಡಿದರು. ಟೇಪು ಲಕ್ಷ್ಮೀಪ್ರಸನ್ನಳ ಚೀಲದಲ್ಲೇ ಉಳಿಯಿತು. ಊರನ್ನೆಲ್ಲ ಆ ಟೇಪಿನಿಂದ ಅಳೆದವರು ಆ ಟೇಪಿನವಳ ಬೀದಿಯನ್ನು ಅಳೆದಿರಲಿಲ್ಲ.

"ಏನಾಯ್ತು ಮೇಡಂ?" ಎಂದರು ಮುಂದಿನ ಸಾಲಿನವರು. ಕಮಲಾ ಇದ್ದದ್ದನ್ನು ಹೇಳಿದಳು.

ಲಕ್ಷ್ಮೀಪ್ರಸನ್ನ ಎದ್ದು ನಿಂತಳು. ಶ್ರೀಕಾಕುಳದ ಕಡೆಯ, ಮಾತು ಕಡಿಮೆಯ ಹುಡುಗಿ. "ನನ್ನದೇ ತಪ್ಪು ಮೇಡಂ. ಹಾಳೆ ಖಾಲಿ ತಂದವಳು ನಾನು."

"ಅಲ್ಲಿ ದಿನಾ ಎರಡು ಸಲ ಟೀ ಕುಡಿದೆಯಲ್ಲ, ಆ ಹೊತ್ತಲ್ಲಿ ನಾಲ್ಕು ಮನೆ ಅಳೀಬಹುದಿತ್ತು," ಎಂದನೊಬ್ಬ. ಕೆಲವರು ನಕ್ಕರು. ಹುಡುಗಿಯ ಕಣ್ಣು ತುಂಬಿತು.

ಕಮಲಾಳಿಗೆ ಆಗಲೇ ಹೇಳಬೇಕಾದ ಮಾತೊಂದಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು, ಬೆಂಚುಗಳು ಕಿರುಗುಟ್ಟಿದವು, ಅವಳು ಹಾಜರಿ ಪುಸ್ತಕ ಎತ್ತಿಕೊಂಡು ಹೊರಟುಬಿಟ್ಟಳು.

ಮೆಟ್ಟಿಲ ತಿರುವಿನಲ್ಲಿ ಆದಿತ್ಯ ಕಾಯುತ್ತಿದ್ದ. ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದವನು ಅವನು. ಅವನ ತಂದೆ ರಾಯಚೂರಿನಿಂದ ಬಂದ ಬ್ಯಾಂಕ್ ಗುಮಾಸ್ತರು. ಹುಡುಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕಮಲಾಳ ಜೊತೆ ಮಾತ್ರ ಮನೆಯ ಕನ್ನಡ ಹೊರತೆಗೆಯುತ್ತಿದ್ದ, ಅದೂ ಅರ್ಧ ತೆಲುಗು.

"ಮೇಡಂ, ನಾನು ಅಲ್ಲಿ ಬೂದಿಬಣ್ಣದ ಗೀಟು ಹಾಕಿದ್ದೆ ಕದಾ," ಎಂದ. "ಏಳನೇ ಬೀದಿಗೆ. ನೋಡಿಲ್ಲ ಅಂತ ಗುರುತಿಗೆ."

"ಹಾಕಿದ್ದೆ."

"ನೀವು ತೆಗಿ ಅಂದ್ರಿ."

"ಅಂದೆ. ಕಣ್ಣಿಗೆ ಗಲೀಜು ಕಾಣುತ್ತೆ ಅಂದೆ."

ಆದಿತ್ಯ ಚಪ್ಪಲಿಯ ತುದಿಯಿಂದ ಮೆಟ್ಟಿಲು ಕೆರೆದ. "ನಾನು ಯಾರಿಗೂ ಹೇಳಿಲ್ಲ ಮೇಡಂ. ಹೇಳೋದೂ ಇಲ್ಲ," ಎಂದು ಇಳಿದುಹೋದ.

ಆ ಮಾತು ಬೈಗುಳಕ್ಕಿಂತ ಭಾರವಾಯಿತು. ಸಂಜೆ ಎಂವಿಪಿ ಕಾಲೋನಿಯ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕಮಲಾ ಗಂಡನಿಗೆ ಎಲ್ಲ ಹೇಳಿದಳು. ದಿನೇಶ ಟೈ ಸಡಿಲಿಸಿಕೊಂಡು ಕೇಳಿದ.

"ಆ ವರ್ತಕರಿಗೆ ಒಂದು ಫೋನು ಮಾಡು. ಒಂದು ಬೀದಿ ಸೇರಿಸಿಕೊಳ್ಳಿ ಅಂದರೆ ಆಯ್ತು. ಅದಕ್ಕೆ ಮುನ್ನೂರೈವತ್ತು ಕಿಲೋಮೀಟರು ಹೋಗ್ತಾರೇನೆ?"

"ನಮ್ಮಪ್ಪ ಫೋನಲ್ಲಿ ತೂಬು ಎತ್ತುತ್ತಿದ್ದರಾ?" ಎಂದಳು ಕಮಲಾ.

ದಿನೇಶ ಒಂದು ಹಿಡಿ ಅವರೆಕಾಯಿ ಎತ್ತಿಕೊಂಡು ತಾನೂ ಸುಲಿಯತೊಡಗಿದ. ಮಾವ ಶಂಕರಪ್ಪನವರ ವಿಷಯ ಬಂದರೆ ಅವನು ಎದುರು ಮಾತಾಡುತ್ತಿರಲಿಲ್ಲ.

ಶಂಕರಪ್ಪ ಊರ ಕೆರೆಯ ನೀರಗಂಟಿ. ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವವರು. ಬೆಳಿಗ್ಗೆ ತೂಬು ತಿರುಗಿಸಿ, ಗುದ್ದಲಿ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ಹೊರಟರೆ, ಕಂಕುಳಲ್ಲಿ ಒಂದು ಕಟ್ಟು ಹೊಂಗೆಕಡ್ಡಿ. ಎಂಟು ವರ್ಷದ ಕಮಲಾ ಹಿಂದೆ ಹಿಂದೆ ಓಡುತ್ತಿದ್ದಳು. ಹೊತ್ತು ಸಾಲದೆ ಯಾವ ಗದ್ದೆಯ ತನಕ ಹೋಗಲಾಗಲಿಲ್ಲವೋ, ಅದರ ಕಾಲುವೆಯ ಬಾಯಿಗೆ ಒಂದು ಕಡ್ಡಿ ನೆಡುವರು. ನೀರು ಹತ್ತಿದ ಗದ್ದೆ ತಾನೇ ಹೊಳೆಯುತ್ತದೆ, ಹತ್ತದ ಗದ್ದೆ ಬಿರುಕು ಬಿಟ್ಟು ಹೇಳುತ್ತದೆ, ನಾನು ನೋಡದ ಗದ್ದೆಯ ಪರವಾಗಿ ಯಾರು ಹೇಳಬೇಕು ಎನ್ನುವರು. ಮಾರನೆಯ ದಿನ ಮೊದಲ ಹೆಜ್ಜೆ ಆ ಕಡ್ಡಿಯ ಕಡೆಗೆ. ಇಷ್ಟು ನೋಡಿ ಬೆಳೆದವಳು, ಹುಡುಗ ಹಾಕಿದ ಗುರುತನ್ನು ಗಲೀಜು ಎಂದು ಕಿತ್ತುಹಾಕಿಸಿದ್ದಳು.

ಮರುದಿನ ತರಗತಿಗೆ ಹೋದವಳೇ ಕಮಲಾ ನಕ್ಷೆಯನ್ನು ಗೋಡೆಯಿಂದ ಬಿಡಿಸಿ ಮೇಜಿನ ಮೇಲೆ ಹರಡಿದಳು.

"ನಿನ್ನೆ ಒಂದು ಮಾತು ಹೇಳದೆ ಹೋದೆ. ಲಕ್ಷ್ಮೀಪ್ರಸನ್ನ ಹಾಳೆ ಖಾಲಿ ತಂದದ್ದು ತಪ್ಪಲ್ಲ. ಗೊತ್ತಿಲ್ಲದ್ದನ್ನು ತುಂಬಬೇಡಿ ಅಂತ ಹೇಳಿಕೊಟ್ಟವಳು ನಾನೇ. ಆದಿತ್ಯ ಆ ಬೀದಿಗೆ ಗೀಟು ಎಳೆದು, ಪಕ್ಕದಲ್ಲಿ 'ನೋಡಿಲ್ಲ' ಅಂತ ಬರೆದಿದ್ದ. ನಕ್ಷೆ ಚಂದ ಕಾಣಲಿ ಅಂತ ನಾನು ಅದನ್ನು ತೆಗೆಸಿದೆ. ನೀರು ಬಾರದ್ದಕ್ಕೂ ಬಿಳಿ, ನಾವು ಹೋಗದ್ದಕ್ಕೂ ಬಿಳಿ. ಅದು ನಾನು ಮಾಡಿದ್ದು. ಶನಿವಾರ ಹೋಗಿ ಆ ಬೀದಿ ಅಳೆದು ಬರ್ತೀನಿ."

ಯಾರೂ ನಗಲಿಲ್ಲ. ನಿನ್ನೆ ಟೀಯ ಮಾತಾಡಿದ ಹುಡುಗ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಲಕ್ಷ್ಮೀಪ್ರಸನ್ನ ಚೀಲದಿಂದ ಸುತ್ತಿಟ್ಟ ಹಳದಿ ಟೇಪು ತೆಗೆದು ಮೇಜಿನ ತುದಿಗಿಟ್ಟಳು.

"ನಾನೂ ಬರ್ತೀನಿ ಮೇಡಂ," ಎಂದಳು.

ಶನಿವಾರ ಬೆಳಗಿನ ಗಾಡಿಗೆ ಮೂವರು ಹೊರಟರು: ಕಮಲಾ, ಲಕ್ಷ್ಮೀಪ್ರಸನ್ನ, ಆದಿತ್ಯ. ಕಿಟಕಿಯ ಹೊರಗೆ ಎರಡನೇ ಬೆಳೆಯ ನಾಟಿ ನಡೆದಿತ್ತು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಸರಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು. ಗಾಡಿ ಗೋದಾವರಿ ದಾಟಿ ಮಧ್ಯಾಹ್ನಕ್ಕೆ ವಿಜಯವಾಡ ಮುಟ್ಟಿತು.

ಒನ್ ಟೌನಿನಲ್ಲಿ ಸ್ಟೀಲ್ ಪಾತ್ರೆಯ ಸಗಟು ವ್ಯಾಪಾರಿ ರಾಮಮೋಹನ್ ಅವರ ಅಂಗಡಿ. ಒಲೆ ಹಂಚಿದ ವರ್ತಕರಿಗೆಲ್ಲ ಹಿರಿಯರು ಅವರೇ. ಓಣಿಯಲ್ಲಿ ಕೈಗಾಡಿಗಳ ಸಂದಿಯಲ್ಲಿ ತೂರಿ ಒಳಗೆ ಹೋದಾಗ ಎದುರು ಗೋಡೆಯಲ್ಲೇ ಆ ನಕ್ಷೆ ಕಂಡಿತು. ಗಾಜಿನ ಚೌಕಟ್ಟು, ಮೇಲೊಂದು ಚೆಂಡುಹೂವಿನ ಮಾಲೆ.

"ಬನ್ನಿ ಮೇಡಂಗಾರು, ಕೂತ್ಕೊಳ್ಳಿ. ನಿಮ್ಮ ಹುಡುಗರ ಕೆಲಸ ಬಂದವರಿಗೆಲ್ಲ ತೋರಿಸ್ತೀನಿ," ಎಂದರು ರಾಮಮೋಹನ್. "ಇದಿಲ್ಲದಿದ್ದರೆ ನಾವು ಯಾರು ಜೋರಾಗಿ ಕೂಗಿದ್ರೋ ಅವರಿಗೆ ಕೊಡ್ತಿದ್ವಿ. ಇದನ್ನ ನೋಡಿಕೊಂಡು ನಾಲ್ಕಡಿ ಮೇಲೆ ನೀರು ನಿಂತ ಮನೆಗೆ ಒಂದೊಂದು ಒಲೆ. ಒಂದು ಜಗಳ ಇಲ್ಲ."

"ಅದನ್ನು ಇಳಿಸಬೇಕು ಸರ್," ಎಂದಳು ಕಮಲಾ. "ಅದರಲ್ಲಿ ತಪ್ಪಿದೆ."

ಅವಳು ಹೇಳುತ್ತ ಹೋದಂತೆ ರಾಮಮೋಹನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಳನ್ನು ಕರೆದು ಚೌಕಟ್ಟು ಇಳಿಸಿದರು. ಕಮಲಾ ನಕ್ಷೆಯನ್ನು ಗಾಜಿನಿಂದ ಬಿಡಿಸಿ, ಆದಿತ್ಯನ ಕೈಗೆ ಪೆನ್ನು ಕೊಟ್ಟಳು. ಅವನು ಏಳನೇ ಅಡ್ಡಬೀದಿಯ ಬಿಳಿಯ ಮೇಲೆ ಓರೆಗೀಟುಗಳನ್ನು ಎಳೆದ. ಅಂಚಿನಲ್ಲಿ 'ಹೋಗಿ ನೋಡಿಲ್ಲ' ಎಂದು ತೆಲುಗಿನಲ್ಲಿ ಬರೆದ.

"ಮೂವತ್ತೆಂಟು ಮನೆ," ಎಂದರು ರಾಮಮೋಹನ್. "ಆ ದರ್ಜಿ ಹೆಂಗಸು ಬಂದಿದ್ದಳಮ್ಮಾ ಇಲ್ಲಿಗೆ. ನಾನೇ ಈ ಗೋಡೆ ತೋರಿಸಿ ಕಳಿಸಿದೆ. ಓದಿದವರು ಬರೆದದ್ದು ಸುಳ್ಳಾ ಅಂದೆ." ಲೆಕ್ಕದ ಪುಸ್ತಕ ತಿರುವಿ ಹೇಳಿದರು, "ಗೋದಾಮಿನಲ್ಲಿ ಉಳಿದಿರೋದು ಹನ್ನೊಂದು ಒಲೆ. ದುಡ್ಡು ಹಾಕಿದವರನ್ನ ಮತ್ತೆ ಕೇಳೋ ಹಾಗಿಲ್ಲ. ಬೇರೆಯವರಿಗೆ ಹೇಗೆ ಕೊಟ್ಟೆವೋ ಹಾಗೇ ಕೊಡೋಣ. ನಾಳೆ ಅಳೆದು ತನ್ನಿ. ಆಳದವರು ಮೊದಲು."

ಆ ರಾತ್ರಿ ವಿಜಯವಾಡದಲ್ಲೇ ಇದ್ದ ಆದಿತ್ಯನ ದೊಡ್ಡಪ್ಪನ ಮನೆಯಲ್ಲಿ ತಂಗಿ, ಭಾನುವಾರ ಬೆಳಿಗ್ಗೆ ಕಾಲೋನಿಗೆ ಹೋದರು. ಏಳನೇ ಬೀದಿಯ ಬಾಯಿಗೆ ಬಂದು ಲಕ್ಷ್ಮೀಪ್ರಸನ್ನ ನಿಂತುಬಿಟ್ಟಳು.

"ಮೇಡಂ, ಗೆರೆ ಎಲ್ಲಿ?"

ಗೆರೆ ಇರಲಿಲ್ಲ. ಸಂಕ್ರಾಂತಿಗೆಂದು ಬೀದಿಯ ಪ್ರತಿಯೊಂದು ಮನೆಗೂ ಸುಣ್ಣ ಬಳಿದಿದ್ದರು. ಹಬ್ಬಕ್ಕೆ ಗೋಡೆ ಕೆಸರಾಗಿರಬಾರದಲ್ಲ. ಕಾರ್ತಿಕದಲ್ಲಿ ಎಲ್ಲ ಗೋಡೆಗಳ ಮೇಲೂ ಒಂದೇ ಮಟ್ಟಕ್ಕೆ ಹರಿದಿದ್ದ ಕಂದು ಗೆರೆ ಈಗ ಒಂದು ಕಡೆಯೂ ಕಾಣಿಸುತ್ತಿರಲಿಲ್ಲ.

ದುರ್ಗಾಂಬ ಜಗಲಿಯ ಮೇಲೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಐವತ್ತೈದರ ಹೆಂಗಸು, ಬಾಯಲ್ಲಿ ಎರಡು ಗುಂಡುಸೂಜಿ. ಸೂಜಿ ತೆಗೆದಿಟ್ಟು ಎದ್ದಳು. ಕಮಲಾ ಟೇಪನ್ನು ಚಾಚಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಗೀಟು ತೆಗೆಸಿದವಳು ತಾನೆಂಬುದನ್ನೂ.

ದುರ್ಗಾಂಬ ಟೇಪನ್ನು ಕೈಗೆ ತೆಗೆದುಕೊಂಡಳು. "ಚಂದ ಕಾಣಲಿ ಅಂತ," ಎಂದಳು.

"ಹೌದು."

"ನಾನೂ ರವಿಕೆ ಕತ್ತರಿಸುವಾಗ ಚಂದಕ್ಕೆ ಅಂತ ಒಂದಿಂಚು ಜಾಸ್ತಿ ತೆಗೆದಿದ್ದೀನಮ್ಮಾ. ಆಮೇಲೆ ಸೇರಿಸೋಕೆ ಬಟ್ಟೆ ಇರಲ್ಲ." ಟೇಪನ್ನು ಕೊರಳಿಗೆ ಹಾಕಿಕೊಂಡಳು. "ಗೋಡೆ ಹೋಯ್ತು. ಜನ ಇದ್ದಾರಲ್ಲ. ಬನ್ನಿ."

ಮನೆಮನೆಯ ಮುಂದೆ ನಿಂತು ಅವಳು ಹೆಂಗಸರನ್ನು ಹೊರಗೆ ಕರೆದಳು. ನೀರು ಬಂದ ದಿನ ನೀನು ಒಳಗೆ ನಿಂತಿದ್ದೆಯಲ್ಲ, ಎಲ್ಲಿಯವರೆಗೆ ಬಂತು, ತೋರಿಸು ಎಂದಳು. ಒಬ್ಬಳು ಸೊಂಟ ತೋರಿಸಿದಳು, ಒಬ್ಬಳು ಎದೆ. ಒಬ್ಬಳು ಭುಜ ಮುಟ್ಟಿಕೊಂಡು ಅಲ್ಲೇ ಅತ್ತಳು. ದುರ್ಗಾಂಬಳಿಗೆ ಬಗ್ಗಿ ಅಳೆಯುವ ಕೆಲಸವೇ ಹೆಚ್ಚು ಬೀಳಲಿಲ್ಲ. ಬೀದಿಯ ಅಷ್ಟೂ ಮೈಗಳ ಅಳತೆ ಇಪ್ಪತ್ತು ವರ್ಷದಿಂದ ಅವಳ ತಲೆಯಲ್ಲಿತ್ತು.

"ಇವಳಿಗೆ ನೈಟಿ ಹೊಲಿದಿದ್ದೀನಿ. ಭುಜದಿಂದ ಹರಡಿಗೆ ಐವತ್ತು. ಪಾದಕ್ಕೆ ಇನ್ನು ಮೂರು ಸೇರಿಸು. ಬರಕೋ ಐವತ್ತಮೂರು," ಎನ್ನುವಳು. ಲಕ್ಷ್ಮೀಪ್ರಸನ್ನ ನಂಬದೆ ಟೇಪು ಹಿಡಿದು ನೋಡಿದರೆ ಐವತ್ತಮೂರೇ ಇರುತ್ತಿತ್ತು. ನಾಲ್ಕೈದು ಮನೆ ಆದಮೇಲೆ ಹುಡುಗಿ ನೋಡುವುದನ್ನು ಬಿಡಲಿಲ್ಲ, ಆದರೆ ನಗುತ್ತ ನೋಡಿದಳು.

ಮೂಲೆಮನೆಯ ಮುದುಕಿಯೊಬ್ಬಳು ಒಲೆಯ ಸುದ್ದಿ ಕೇಳಿದ್ದವಳು, ಕತ್ತಿನ ಮೇಲೆ ಕೈಯಿಟ್ಟಳು.

"ಕತ್ತಿನ ತನಕ ಬಂದಿದ್ರೆ ನಿನ್ನ ಗೂಡಲ್ಲಿರೋ ದೇವರ ಪಟ ತೇಲಬೇಕಿತ್ತಲ್ಲ ಅತ್ತೆ," ಎಂದಳು ದುರ್ಗಾಂಬ. "ಮೊನ್ನೆ ಅದಕ್ಕೆ ಕುಂಕುಮ ಇಟ್ಟವಳು ನಾನು. ನೀರು ಕಂಡಿಲ್ಲ ಅದು."

"ನಿನಗೇನೇ, ಒಂದು ಗೇಣು ಜಾಸ್ತಿ ಬರೆದರೆ ನಿನ್ನ ಗಂಟು ಹೋಗುತ್ತಾ?"

"ಹೋಗುತ್ತೆ. ಆ ಗೇಣು ಇನ್ನೊಬ್ಬರ ಮನೆಯಿಂದ ಬರಬೇಕು. ಕೈ ಇಳಿಸು."

ಮುದುಕಿ ಗೊಣಗುತ್ತ ಕೈಯನ್ನು ಭುಜಕ್ಕೆ ಇಳಿಸಿದಳು. ಗೂಡಿನ ಮಟ್ಟ, ಬಾಗಿಲು ಉಬ್ಬಿದ ಗುರುತು, ಕರೆಂಟು ಮೀಟರಿನ ಹಲಗೆ, ಹೀಗೆ ಸುಣ್ಣ ತಾಗದ ಒಂದೊಂದನ್ನು ಹುಡುಕಿ ಆದಿತ್ಯ ಮಾತಿಗೆ ತಾಳೆ ನೋಡುತ್ತ ಬಂದ. ಒಂದು ಗಂಟೆಯ ಹೊತ್ತಿಗೆ ಮೂವತ್ತೇಳು ಮನೆ ಆಗಿತ್ತು. ಉಳಿದದ್ದು ದುರ್ಗಾಂಬಳದು.

ಅವಳ ಮನೆಗೆ ಬೀದಿಯಲ್ಲಿ ಎಲ್ಲರಿಗಿಂತ ಒಂದು ಮೆಟ್ಟಿಲು ಹೆಚ್ಚು. ಹೊಲಿಗೆಗೆ ಕೊಟ್ಟ ಬಟ್ಟೆ ಮಳೆಯಲ್ಲಿ ನೆನೆಯಬಾರದೆಂದು ಗಂಡ ಬದುಕಿದ್ದಾಗ ಏರಿಸಿದ್ದು. ಅವಳು ಒಳಗೆ ಹೋಗಿ ನಡುಮನೆಯಲ್ಲಿ ನಿಂತು, ಕಂಕುಳ ಕೆಳಗೆ ಕೈಯಿಟ್ಟುಕೊಂಡು ಟೇಪನ್ನು ತಾನೇ ಇಳಿಬಿಟ್ಟಳು.

"ನಲವತ್ತೊಂಬತ್ತು," ಎಂದಳು.

ಕಮಲಾ ಹಾಳೆ ನೋಡಿದಳು. ನಾಲ್ಕಡಿಗೆ, ಅಂದರೆ ನಲವತ್ತೆಂಟು ಇಂಚಿಗೆ ಮೇಲ್ಪಟ್ಟ ಮನೆಗಳು ಹತ್ತೊಂಬತ್ತು. ಆಳದಿಂದ ಎಣಿಸುತ್ತ ಬಂದರೆ ಹನ್ನೊಂದನೆಯದು ಐವತ್ತೊಂದು ಇಂಚಿನ ಮನೆ. ದುರ್ಗಾಂಬಳದು ಹದಿಮೂರನೆಯದು.

"ಎಷ್ಟನೇದು?" ಎಂದು ದುರ್ಗಾಂಬಳೇ ಕೇಳಿದಳು.

ಕಮಲಾ ಹೇಳಿದಳು. ಲಕ್ಷ್ಮೀಪ್ರಸನ್ನಳ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. "ಆಂಟಿ, ಆವತ್ತು ನಾನು ಅಳೆದಿದ್ರೆ ನಾಲ್ಕಡಿ ಮೇಲಿನವರಿಗೆಲ್ಲ ಸಿಗ್ತಿತ್ತು. ನಿಮಗೂ," ಎಂದಳು.

"ಸಿಗ್ತಿತ್ತು," ಎಂದಳು ದುರ್ಗಾಂಬ. "ಬರಕೋ. ನಲವತ್ತೊಂಬತ್ತು."

ಹುಡುಗಿ ಬರೆದಳು.

"ನಿಮ್ಮ ಒಲೆ ನಾನು ಕೊಡಿಸುತ್ತೇನೆ," ಎಂದಳು ಕಮಲಾ, ದನಿ ತಗ್ಗಿಸಿ.

"ನನಗೊಬ್ಬಳಿಗಾ? ಹನ್ನೆರಡನೇದವಳು ನನ್ನ ಗೋಡೆಯ ಪಕ್ಕದವಳೇ. ಅವಳು ಕೇಳಿದರೆ ಏನು ಹೇಳಲಿ? ಮೇಡಮ್ಮನ ಮಕ್ಕಳಿಗೆ ಟೀ ಕೊಟ್ಟಿದ್ದೆ ಅಂತಲಾ?"

ಎಂಟು ಮನೆ ಉಳಿದಿವೆ, ಮರೆಯುವುದಿಲ್ಲ ಎನ್ನಬೇಕೆಂದು ಕಮಲಾ ಅಂದುಕೊಂಡಳು. ಮೂರು ತಿಂಗಳ ಹಿಂದೆ ಇದೇ ಜಗಲಿಯಿಂದ ಇಳಿಯುವಾಗ ಇಂಥದೇ ಮಾತು ಹೇಳಿದ್ದು ನೆನಪಾಗಿ, ಆ ಎಂಟು ಮನೆಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡಳು.

ಪಟ್ಟಿಯನ್ನು ಫೋನಿನಲ್ಲಿ ಕಳಿಸಿದ ಮೇಲೆ, ಸಂಜೆ ನಾಲ್ಕಕ್ಕೆ ರಾಮಮೋಹನ್ ಅವರ ಗಾಡಿ ಬಂತು. ಹನ್ನೊಂದು ಪೆಟ್ಟಿಗೆ ಇಳಿದವು. ಆದಿತ್ಯ ಹೆಸರು ಓದಿದ, ಹೆಸರಿನ ಜೊತೆ ಇಂಚನ್ನೂ ಓದಿದ. ಸಿಕ್ಕದವರು ಗಾಡಿ ಖಾಲಿಯಾಗುವವರೆಗೆ ನಿಂತು ನೋಡಿ ಒಳಗೆ ಹೋದರು. ಮೂಲೆಮನೆಯ ಮುದುಕಿಗೆ ಸಿಕ್ಕಿತು, ಎಂಟನೆಯದಾಗಿ. ಅವಳು ಪೆಟ್ಟಿಗೆ ಹಿಡಿದುಕೊಂಡು ದುರ್ಗಾಂಬಳ ಕಡೆ ಒಮ್ಮೆ ನೋಡಿ ಬಾಗಿಲು ಹಾಕಿಕೊಂಡಳು.

ಮರಳಿ ಹೊರಡಲು ಇನ್ನೂ ಹೊತ್ತಿತ್ತು. ದುರ್ಗಾಂಬ ಹಿತ್ತಲಿಗೆ ಹೋಗಿ ಮೂರು ಇಟ್ಟಿಗೆಯ ಒಲೆಗೆ ಹಳೆಯ ಕಿಟಕಿಯ ಚೂರುಗಳನ್ನು ಒಟ್ಟಿ ಉರಿ ಹಚ್ಚಿದಳು. ಕೆಸರು ತುಂಬಿ ಹಾಳಾದ ಗ್ಯಾಸ್ ಒಲೆ ಗೋಡೆಗೆ ಒರಗಿ ನಿಂತಿತ್ತು. ಕಮಲಾ ಬೇಡವೆನ್ನಲು ಎದ್ದವಳು ಮತ್ತೆ ಕೂತಳು.

ಟೀ ಬಂತು. ನಾಲ್ಕು ಸ್ಟೀಲ್ ಲೋಟ, ಹೊಗೆಯ ವಾಸನೆ. ಆದಿತ್ಯ ಮಡಿಲಲ್ಲಿ ಹೊಸ ಹಾಳೆ ಹರಡಿಕೊಂಡು ಏಳನೇ ಬೀದಿಗೆ ನೀಲಿ ತುಂಬುತ್ತಿದ್ದ. ಲಕ್ಷ್ಮೀಪ್ರಸನ್ನ ಹಳೆಯ ಹಾಳೆಗಳನ್ನೆಲ್ಲ ತಿರುವಿ, ಕಾಲೋನಿಯ ಆಚೆ ತುದಿಯಲ್ಲಿ ಇನ್ನೊಂದು ಬಿಳಿಯ ತುಂಡು ತೋರಿಸಿದಳು. "ಮೇಡಂ, ಇದು ನೀರು ಬಾರದ್ದಾ, ನಾವು ಹೋಗದ್ದಾ?"

ಕಮಲಾ ನೋಡಿದಳು. ನೆನಪಿಗೆ ಬರಲಿಲ್ಲ.

"ಗೀಟು ಹಾಕು," ಎಂದಳು. "ಈಗಲೇ ಹೋಗಿ ನೋಡೋಣ. ಸಂಜೆಯ ಗಾಡಿ ತಪ್ಪಿದರೆ ನಾಳೆ ಬೆಳಗಿನದಿದೆ."

ದುರ್ಗಾಂಬ ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತಿದಳು. ಇನ್ನೇನು ಯಂತ್ರದ ಡ್ರಾಯರಿಗೆ ಹಾಕಬೇಕು, ಅಷ್ಟರಲ್ಲಿ ತಡೆದು, ಬಿಚ್ಚಿ, ಹುಡುಗಿಯ ಕೈಗೆ ಕೊಟ್ಟಳು.

"ಬೆಳಿಗ್ಗೆ ಬೇಗ ತಂದುಕೊಡು. ಆರ್ಡರು ಇದೆ," ಎಂದಳು.